ಲೋಕೋಪಯೋಗಿ ಕಾಮಗಾರಿಗಳೂ ಕೇಂದ್ರ ಸರಕಾರದ ಕರ್ತವ್ಯವೂ

(ಶ್ರೀಮಠದ ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಶ್ರೀಗಳವರ ಅಪ್ಪಣೆಯಾಗಿರುವುದು. ನಾನು ಪಂಡಿತನಲ್ಲ, ಶಾಸ್ತ್ರಾರ್ಥವನ್ನು ವಿವರಿಸುವ ಅಧಿಕಾರವು ನನಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ಒಂದು ಗ್ರಾಮದಲ್ಲಿ, ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು. ನೀರು ಬಂದ ವರ್ಷ ಹಬ್ಬವನ್ನೂ, ಬಾರದ ವರ್ಷ ಸಾಲಗಾರರ ಮುಖವನ್ನೂ ಕಂಡು ಬೆಳೆದವನು. ಆದುದರಿಂದ ನಾನು ಬಲ್ಲ ವಿಷಯವೊಂದನ್ನೇ ಆರಿಸಿಕೊಂಡಿದ್ದೇನೆ. ಅಣೆಕಟ್ಟು, ಕಾಲುವೆ, ರೈಲುಮಾರ್ಗ, ಹೆದ್ದಾರಿ ಮೊದಲಾದ ಲೋಕೋಪಯೋಗಿ ಕಾಮಗಾರಿಗಳಿಗೆ ನಮ್ಮ ಕೇಂದ್ರ ಸರಕಾರವು ಒಂದು ವರ್ಷದ ಲೆಕ್ಕದಿಂದಲ್ಲ, ಒಂದು ತಲೆಮಾರಿನ ಲೆಕ್ಕದಿಂದ ಹಣವನ್ನು ತೊಡಗಿಸಬೇಕೆಂಬುದೇ ಆ ವಿಷಯವು.

ಮಠದ ಸಭೆಯಲ್ಲಿ ಸರಕಾರದ ಆಯವ್ಯಯದ ಮಾತೇಕೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯುವ ನಮಗೆ ಈ ಸಂದೇಹವು ಬರಬಾರದು. ಅವರು ಕೆರೆಯನ್ನು ಅಗೆಯಿಸಿ, ಅದನ್ನು ಸಮಸ್ತ ಜೀವರಾಶಿಗೆ ಅರ್ಪಿಸಿದ ಕಥೆಯು ನಮ್ಮ ಮಕ್ಕಳಿಗೂ ತಿಳಿದಿರುವುದು. ಅಗೆಯುವುದು ಕಾಯಕವಾದರೆ, ಆ ನೀರು ಕುಲಗೋತ್ರಗಳನ್ನು ಕೇಳದೆ ಎಲ್ಲರ ಹೊಲಕ್ಕೂ ಹರಿಯುವುದು ದಾಸೋಹವಾಯಿತು. ಇಂದು ಅದೇ ಕೆಲಸವು ಊರಿನ ಅಳತೆಯನ್ನು ಮೀರಿ ಬೆಳೆದಿರುವುದರಿಂದ, ಅದನ್ನು ಮಾಡುವ ಹೊಣೆಯು ಸರಕಾರದ ಮೇಲೆ ಬಿದ್ದಿದೆ.

ನಮ್ಮ ಹಿರಿಯರು ಈ ಹೊಣೆಯನ್ನು ಹೇಗೆ ತಿಳಿದಿದ್ದರೆಂಬುದನ್ನು ಮೊದಲು ನೋಡೋಣ. ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಶಬ್ದಗಳು ಪರಿಚಿತವಾಗಿವೆ. ಕೆರೆಯನ್ನು ಕಟ್ಟಿಸಿದವರಿಗೆ, ಮತ್ತು ಅದನ್ನು ಕಾಪಾಡತಕ್ಕವರಿಗೆ ಬಿಟ್ಟುಕೊಟ್ಟ ಭೂಮಿಗಳಿಗೆ ಈ ಹೆಸರುಗಳು. ಆ ಭೂಮಿಯ ಹುಟ್ಟುವಳಿಯಿಂದ ಏರಿಗೆ ಮಣ್ಣು ಹಾಕಿಸಬೇಕು, ಹೂಳನ್ನು ತೆಗೆಯಿಸಬೇಕು, ತೂಬನ್ನು ದುರಸ್ತಿ ಮಾಡಿಸಬೇಕು. ಕೆರೆಯನ್ನು ಕಟ್ಟಿದ ದಿನವೇ ಅದರ ಮುಂದಿನ ನೂರು ವರ್ಷಗಳ ಅನ್ನವನ್ನೂ ಗೊತ್ತುಮಾಡಿ ಇಡುವ ಪದ್ಧತಿಯಿದು. ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ರಾಜಕುಮಾರನಾದ ಭಾಸ್ಕರನು ಅಲ್ಲಿ ಕಟ್ಟಿಸಿದ ಕೆರೆಗೆ ದಿನಕ್ಕೆ 1000 ಆಳುಗಳೂ 100 ಬಂಡಿಗಳೂ 2 ವರ್ಷ ದುಡಿದುವೆಂದು ಅದು ತಿಳಿಸುತ್ತದೆ. ಒಳ್ಳೆಯ ಕೆರೆಗೆ 12 ಅಂಗಗಳಿರಬೇಕೆಂದೂ ಅದರಲ್ಲಿ ಹೇಳಿದೆ. ಆ ಹನ್ನೆರಡರಲ್ಲಿ ಮೊದಲನೆಯದು ನೀರೂ ಅಲ್ಲ, ನೆಲವೂ ಅಲ್ಲ; ಧರ್ಮವಂತನೂ ಧನವಂತನೂ ಆದ ಅರಸು. ಧನವಿದ್ದು ಧರ್ಮವಿಲ್ಲದವನು ಕಟ್ಟುವುದಿಲ್ಲ. ಧರ್ಮವಿದ್ದು ಧನವಿಲ್ಲದವನು ಕಟ್ಟಲಾರನು. ಇವೆರಡೂ ಕೂಡಿದೆಡೆಯಲ್ಲಿ ಕಟ್ಟಿದ ಕೆಲಸವು ಎಷ್ಟು ಕಾಲ ಬಾಳುವುದೆಂಬುದಕ್ಕೆ ಹಂಪೆಯ ಸುತ್ತಣ ತುರ್ತು ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆಗಳು ಸಾಕ್ಷಿಯಾಗಿವೆ. ರಾಜ್ಯವು ಅಳಿದು ಶತಮಾನಗಳು ಕಳೆದರೂ ಆ ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ತುಂಗಭದ್ರೆಗೆ ದೊಡ್ಡ ಅಣೆಕಟ್ಟನ್ನು ಕಟ್ಟಬೇಕೆಂಬ ಯೋಚನೆಯು 1860ರಷ್ಟು ಹಿಂದೆಯೇ ಸರ್ ಆರ್ಥರ್ ಕಾಟನ್ನರ ಮನಸ್ಸಿನಲ್ಲಿ ಮೂಡಿತ್ತು. ಕೆಲಸವು ಆರಂಭವಾದುದು 1945ರಲ್ಲಿ. ಯೋಚನೆಗೂ ಮೊದಲನೆಯ ಕಲ್ಲಿಗೂ ನಡುವೆ 85 ವರ್ಷಗಳು ಸಂದುಹೋದುವು. ಆ ನಡುವೆಯೇ 1876ರಿಂದ 1878ರವರೆಗಿನ ಘೋರ ಕ್ಷಾಮವು ಬಳ್ಳಾರಿ ಸೀಮೆಯನ್ನು ಸ್ಮಶಾನದಂತೆ ಮಾಡಿತು. ನದಿಯ ಒಂದು ದಡ ಮದ್ರಾಸು ಸರಕಾರದ್ದು, ಇನ್ನೊಂದು ದಡ ಹೈದರಾಬಾದು ಸಂಸ್ಥಾನದ್ದು. ಅವೆರಡರ ನಡುವೆ ಒಪ್ಪಂದವಾಗುವುದಕ್ಕೆ 1944ನೆಯ ಇಸವಿಯೇ ಬರಬೇಕಾಯಿತು. ಕೊನೆಗೆ 1953ರಲ್ಲಿ ಕಾಲುವೆಗೆ ನೀರು ಹರಿಯಿತು. 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯಲ್ಲಿ ನಮ್ಮೂರಿಗೆ ಮೊದಲ ನೀರು ಬಂದ ದಿನ ತಾಯಂದಿರು ಗಂಗೆಗೆ ಉಡಿ ತುಂಬಿದರೆಂದು ನಮ್ಮ ಅಜ್ಜನವರು ಹೇಳುತ್ತಿದ್ದರು. ಜೋಳವನ್ನೇ ಎಣಿಸಿ ಉಣ್ಣುತ್ತಿದ್ದ ಸೀಮೆಯು ಭತ್ತದ ಕಣಜವಾಯಿತು. ಗಂಗಾವತಿ, ಸಿಂಧನೂರು, ಮಾನ್ವಿಗಳ ಅಕ್ಕಿಯ ಗಿರಣಿಗಳು ಆ ನೀರಿನ ಮಕ್ಕಳು. ಈ ಭಾಗದ ಮಠಗಳ ದಾಸೋಹದಲ್ಲಿ ಬೇಯುವ ಅನ್ನವೂ ಬಹುಮಟ್ಟಿಗೆ ಆ ನೀರಿನದೇ.

ಇಂಥ ಅಣೆಕಟ್ಟಿನಲ್ಲಿ 2024ನೆಯ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿಯು ಕಡಿದು, ಗೇಟು ಹೊಳೆಯ ಪಾಲಾಯಿತು. ಜಲಾಶಯವು ಆಗ ತುಂಬಿ ನಿಂತಿತ್ತು. ಕಟ್ಟೆಯ ಮೇಲಿನ ಒತ್ತಡವನ್ನು ತಗ್ಗಿಸುವುದಕ್ಕಾಗಿ ಉಳಿದ ಗೇಟುಗಳನ್ನೂ ತೆರೆದು, ಒಂದು ವರ್ಷದ ಅನ್ನವಾಗಬೇಕಿದ್ದ ನೀರನ್ನು ಕಣ್ಣಾರೆ ನೋಡುತ್ತ ಹೊಳೆಗೆ ಬಿಡಬೇಕಾಯಿತು. ನಮ್ಮೂರಲ್ಲಿ ಭತ್ತದ ನಾಟಿ ಮುಗಿದು ವಾರವೂ ಆಗಿರಲಿಲ್ಲ. ಮಾರನೆಯ ದಿನ ಅಗಸಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಕರೆದು, “ತಮ್ಮಾ, ನಾವು ಬಂಡಿ ಹೂಡಬೇಕಾದರೂ ಒಂದು ಹೆಚ್ಚಿನ ಕಡೆಗೀಲು ಇಟ್ಟುಕೊಂಡಿರತೀವಿ. ಇಷ್ಟು ದೊಡ್ಡ ಕಟ್ಟೆಗೆ ಬದಲಿ ಬಾಗಿಲು ಒಂದೂ ಇದ್ದಿಲ್ಲೇನು?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ತಜ್ಞರಾದ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ನೀರು ಧುಮುಕುತ್ತಿರುವಾಗಲೇ ಉಕ್ಕಿನ ಹಲಗೆಗಳನ್ನಿಳಿಸಿ, ಒಂದು ವಾರದೊಳಗಾಗಿ ಆ ಕಂಡಿಯನ್ನು ಮುಚ್ಚಿದರು. ಅಲ್ಲಿ ದುಡಿದ ಕಾರ್ಮಿಕರ ಧೈರ್ಯಕ್ಕೆ ಎಷ್ಟು ನಮಸ್ಕಾರ ಮಾಡಿದರೂ ಕಡಿಮೆಯೇ. ಮಳೆಯೂ ಕೃಪೆಮಾಡಿ ಜಲಾಶಯವು ಆ ವರ್ಷ ಮತ್ತೆ ತುಂಬಿತು. ಆದರೆ ಸಂಕಟವು ಅಲ್ಲಿಗೆ ಮುಗಿಯಲಿಲ್ಲ. ಎಪ್ಪತ್ತು ವರ್ಷ ನೀರಿಗೆ ಎದೆಯೊಡ್ಡಿದ 33 ಗೇಟುಗಳನ್ನೂ ಬದಲಿಸತಕ್ಕದ್ದೆಂದು ತಜ್ಞರು ಹೇಳಿದರು. 2025ರ ಮಳೆಗಾಲದಲ್ಲಿ ನೀರು ಬಂದಿದ್ದರೂ ಸುಮಾರು 80 ಟಿ.ಎಂ.ಸಿ.ಗಿಂತ ಹೆಚ್ಚು ನಿಲ್ಲಿಸಿಕೊಳ್ಳದಂತಾಯಿತು. ರೈತರು ಎರಡನೆಯ ಬೆಳೆಯ ಆಸೆಯನ್ನು ಬಿಡಬೇಕಾಯಿತು. ಇದಕ್ಕೂ ಮೊದಲೇ, ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯವು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿತ್ತು. ನೀರು ಕಡಿಮೆಯಾದಾಗ ಮೊದಲು ಒಣಗುವುದು ಕಾಲುವೆಯ ಕೊನೆಯ ಭಾಗವೆಂಬುದನ್ನು ಕೊನೆಯ ಭಾಗದವನಾದ ನಾನು ಹೇಳಬೇಕಾಗಿಲ್ಲ.

ಇದು ಯಾರೋ ಒಬ್ಬ ಅಧಿಕಾರಿಯ ತಪ್ಪೆಂದು ಬೈದು ಮನೆಗೆ ಹೋಗುವುದು ಸುಲಭ. ತಪ್ಪಿನ ಬೇರು ಲೆಕ್ಕದ ಪದ್ಧತಿಯಲ್ಲಿದೆ. ಹೊಸ ಕಾಮಗಾರಿಗೆ ಅಡಿಗಲ್ಲಿದೆ, ಹಾರತುರಾಯಿಗಳಿವೆ; ಹಳೆಯ ಸರಪಳಿಗೆ ಎಣ್ಣೆ ಹಾಕುವುದಕ್ಕೆ ಯಾವ ಸಮಾರಂಭವೂ ಇಲ್ಲ. ಆಯವ್ಯಯ ಪತ್ರವು ವರ್ಷಕ್ಕೊಮ್ಮೆ ಹುಟ್ಟಿ ಮಾರ್ಚ್ 31ಕ್ಕೆ ಸಾಯುತ್ತದೆ. ಕಟ್ಟೆಯು ನೂರು ವರ್ಷ ನಿಲ್ಲಬೇಕಾಗಿದೆ. ಒಂದು ವರ್ಷದ ಆಯುಷ್ಯವುಳ್ಳ ಹಣದಿಂದ ನೂರು ವರ್ಷದ ಆಯುಷ್ಯವುಳ್ಳ ಕೆಲಸವನ್ನು ಸಾಕಹೊರಟರೆ ಇಂಥ ಅನರ್ಥವು ಒದಗದೆ ಇರದು.

ಈ ಹೊಣೆಯನ್ನು ಕೇಂದ್ರ ಸರಕಾರವೇ ಏಕೆ ಹೊರಬೇಕು? ಇದಕ್ಕೆ ಮೂರು ಕಾರಣಗಳನ್ನು ಹೇಳುತ್ತೇನೆ. ಮೊದಲನೆಯದು, ಈ ಕೆಲಸಗಳು ರಾಜ್ಯಗಳ ಗಡಿಯನ್ನು ದಾಟುವಂಥವು. ತುಂಗಭದ್ರೆಯ ನೀರನ್ನು ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳು ಹಂಚಿಕೊಂಡಿವೆ. ನೀರಾವರಿಯು ರಾಜ್ಯಗಳ ಪಟ್ಟಿಯಲ್ಲಿದ್ದರೂ ಅಂತರರಾಜ್ಯ ನದಿಗಳ ನಿಯಂತ್ರಣ, ರೈಲ್ವೆ, ರಾಷ್ಟ್ರೀಯ ಹೆದ್ದಾರಿಗಳು ಕೇಂದ್ರದ ಪಟ್ಟಿಯಲ್ಲಿವೆ. ಎರಡನೆಯದು, ಆದಾಯ ತೆರಿಗೆ, ಸುಂಕ ಮೊದಲಾದ ವಿಶಾಲವಾದ ಆದಾಯಗಳನ್ನು ಎತ್ತುವವರು ಕೇಂದ್ರದವರು. ಕೇಂದ್ರಕ್ಕೆ ಸಾಲಗಾರನಾಗಿರುವ ರಾಜ್ಯವು ಅದರ ಸಮ್ಮತಿಯಿಲ್ಲದೆ ಹೊಸ ಸಾಲವನ್ನು ಎತ್ತಕೂಡದೆಂದು ಸಂವಿಧಾನದ 293ನೆಯ ಅನುಚ್ಛೇದವು ವಿಧಿಸಿದೆ. ಕೈಗೆ ಕಟ್ಟು ಹಾಕಿದವರು ಹೊರೆಗೆ ಹೆಗಲು ಕೊಡಬೇಕಾದುದು ನ್ಯಾಯವಷ್ಟೆ? ಮೂರನೆಯದು ಕಾಲದ ಮಾತು. ಒಂದು ರಾಜ್ಯಕ್ಕೆ ಎರಡು ವರ್ಷ ಬರ ಬಿದ್ದರೆ ಅದರ ಬೊಕ್ಕಸವು ಬರಿದಾಗಿ, ಮೊದಲು ನಿಲ್ಲುವುದು ದುರಸ್ತಿಯ ಕೆಲಸ. ಅಖಂಡ ದೇಶದ ಬೊಕ್ಕಸಕ್ಕೆ ಒಂದೆಡೆ ಬರವಾದರೆ ಇನ್ನೊಂದೆಡೆ ಬೆಳೆಯಿರುತ್ತದೆ. ದೀರ್ಘಕಾಲ ಕಾಯುವ ಶಕ್ತಿ ಅದಕ್ಕಿದೆ.

ಹಣವು ಖಚಿತವಾಗಿದ್ದರೆ ಏನಾಗುವುದು, ಖಚಿತವಾಗಿಲ್ಲದಿದ್ದರೆ ಏನಾಗುವುದು ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಎರಡು ರೈಲುಮಾರ್ಗಗಳ ದೃಷ್ಟಾಂತವಿದೆ. ಕೊಂಕಣ ರೈಲ್ವೆಗಾಗಿ 1990ರಲ್ಲಿ ಪ್ರತ್ಯೇಕ ನಿಗಮವೊಂದನ್ನು ಸ್ಥಾಪಿಸಿದರು. ಅದರ ಮೂಲ ಬಂಡವಾಳದಲ್ಲಿ ಭಾರತೀಯ ರೈಲ್ವೆಯು ನೂರಕ್ಕೆ 51, ಮಹಾರಾಷ್ಟ್ರವು 22, ಕರ್ನಾಟಕವು 15, ಗೋವಾ ಮತ್ತು ಕೇರಳಗಳು ತಲಾ 6 ಪಾಲನ್ನು ಕೊಟ್ಟುವು. ಉಳಿದುದನ್ನು ಬಹುಮಟ್ಟಿಗೆ ಸಾಲಪತ್ರಗಳ ಮೂಲಕ ಜನರಿಂದಲೇ ಎತ್ತಿದರು. 741 ಕಿಲೋಮೀಟರಿನ ಆ ಮಾರ್ಗದಲ್ಲಿ 90ಕ್ಕೂ ಹೆಚ್ಚು ಸುರಂಗಗಳು, ಸುಮಾರು 2000 ಸೇತುವೆಗಳು. ಸಹ್ಯಾದ್ರಿಯ ಬಂಡೆಯನ್ನೂ ಕೊಂಕಣದ ಮಳೆಯನ್ನೂ ಗೆದ್ದು 1998ರ ಜನವರಿಯಲ್ಲಿ ಇಡೀ ಮಾರ್ಗವು ಸಂಚಾರಕ್ಕೆ ತೆರೆಯಿತು. ಇನ್ನೊಂದು ನಮ್ಮ ಮುನಿರಾಬಾದ್–ಮೆಹಬೂಬನಗರ ಮಾರ್ಗ. ಅದು 1997–98ರಲ್ಲಿ ಮಂಜೂರಾಯಿತು. ಅಲ್ಲಿ ಸಹ್ಯಾದ್ರಿಯಂಥ ಬೆಟ್ಟಸಾಲಿಲ್ಲ. ಬಹುಮಟ್ಟಿಗೆ ಬಯಲು ನೆಲ. ಆದರೂ ಸಿಂಧನೂರಿನ ಜನರು ರೈಲಿನ ಸಿಳ್ಳನ್ನು ಕೇಳಿದುದು 2024ರಲ್ಲಿ. ಭೂಸ್ವಾಧೀನದ ತೊಡಕುಗಳೂ ಇದ್ದುವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವರ್ಷಕ್ಕಿಷ್ಟು ಎಂದು ತೊಟ್ಟಿಕ್ಕಿದ ಹಣದಿಂದ ಅಷ್ಟಷ್ಟೇ ಹಳಿ ಬೆಳೆಯಿತು. ಮಂಜೂರಾದ ವರ್ಷ ಹುಟ್ಟಿದ ಮಗುವು ಆ ರೈಲು ಬರುವಷ್ಟರಲ್ಲಿ ಓದು ಮುಗಿಸಿ, ಕೆಲಸವನ್ನು ಹುಡುಕುತ್ತ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿಯಾಗಿತ್ತು.

ಈ ರೋಗವು ಹೊಸದಲ್ಲ, ಮದ್ದೂ ಹೊಸದಲ್ಲ. 1920–21ರಲ್ಲಿ ಸರ್ ವಿಲಿಯಂ ಆಕ್‌ವರ್ತ್ ಎಂಬವರ ಅಧ್ಯಕ್ಷತೆಯ ಸಮಿತಿಯು ಹಿಂದುಸ್ತಾನದ ರೈಲುಗಳನ್ನು ಪರೀಕ್ಷಿಸಿ, ಭಾರ ಹೊರಲಾರದ ಸೇತುವೆಗಳನ್ನೂ, ಬದಲಿಸುವ ಕಾಲವು ಎಂದೋ ಮೀರಿದ ಹಳಿಗಳನ್ನೂ ಎಂಜಿನ್ನುಗಳನ್ನೂ ಕಂಡು, ವರ್ಷದ ಕೊನೆಗೆ ರದ್ದಾಗುವ ಹಣದ ಪದ್ಧತಿಯನ್ನೇ ದೂಷಿಸಿತು. ಅದರ ಸಲಹೆಯಂತೆ 1924ರಲ್ಲಿ ರೈಲ್ವೆಯ ಲೆಕ್ಕವನ್ನು ಸಾಮಾನ್ಯ ಆಯವ್ಯಯದಿಂದ ಬೇರ್ಪಡಿಸಿದರು. 2017ರಲ್ಲಿ ಮತ್ತೆ ಎರಡನ್ನೂ ಕೂಡಿಸಲಾಯಿತು. ರಸ್ತೆಗಳ ವಿಷಯದಲ್ಲಿಯೂ ಹೀಗೆಯೇ. ಜಯಕರ್ ಸಮಿತಿಯ ಸಲಹೆಯ ಮೇರೆಗೆ 1929ರಲ್ಲಿ, ಪೆಟ್ರೋಲಿನ ಮೇಲಣ ಸುಂಕದಿಂದ ಕೇಂದ್ರ ರಸ್ತೆ ನಿಧಿಯೊಂದು ಹುಟ್ಟಿತು. ರಸ್ತೆಯನ್ನು ತುಳಿಯುವವನೇ ರಸ್ತೆಗೆ ಕೊಡಬೇಕು, ಕೊಟ್ಟುದು ರಸ್ತೆಗೇ ಸಲ್ಲಬೇಕು ಎಂಬುದು ಅದರ ತತ್ತ್ವ. ಇದು ನಮ್ಮ ಕಟ್ಟುಕೊಡಗೆಯೇ ಹೊರತು ಬೇರೆಯಲ್ಲ.

ಕೇಂದ್ರ ಸರಕಾರವು ಏನೂ ಮಾಡುತ್ತಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 2019–20ರಲ್ಲಿ ಅದರ ಬಂಡವಾಳ ವೆಚ್ಚವು ಸುಮಾರು 3.36 ಲಕ್ಷ ಕೋಟಿ ರೂಪಾಯಿಗಳಷ್ಟಿತ್ತು. 2025–26ರ ಆಯವ್ಯಯ ಪತ್ರದಲ್ಲಿ 11.21 ಲಕ್ಷ ಕೋಟಿಗಳನ್ನು ಇಟ್ಟರು. 2020–21ರಿಂದ ರಾಜ್ಯಗಳಿಗೆ 50 ವರ್ಷಗಳ ಅವಧಿಯ, ಬಡ್ಡಿಯಿಲ್ಲದ ಸಾಲವನ್ನು ಕೊಡುವ ಏರ್ಪಾಡೂ ಆಗಿದೆ. 2024–25ರಲ್ಲಿ ಅದಕ್ಕೆ 1.5 ಲಕ್ಷ ಕೋಟಿ ರೂಪಾಯಿಗಳನ್ನು ತೆಗೆದಿಟ್ಟರು. ಐವತ್ತು ವರ್ಷಗಳ ಸಾಲವೆಂಬುದು ಸರಿಯಾದ ದಿಕ್ಕಿನಲ್ಲಿಟ್ಟ ಹೆಜ್ಜೆ. ಆದರೆ ತೀರಿಸುವುದಕ್ಕೆ ಐವತ್ತು ವರ್ಷಗಳಿದ್ದರೂ, ಮುಂದಿನ ವರ್ಷ ಎಷ್ಟು ದೊರೆಯುವುದೆಂಬುದು ವರ್ಷ ವರ್ಷವೂ ಹೊಸದಾಗಿ ನಿರ್ಣಯವಾಗುವುದು. ಘೋಷಣೆಗೂ ಹಣಕ್ಕೂ ನಡುವಣ ದೂರವು ಇನ್ನೊಂದು ತೊಂದರೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಒಣ ತಾಲೂಕುಗಳಿಗೆ ನೀರುಣಿಸಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿಗಳ ನೆರವನ್ನು 2023ರ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಸಾರಲಾಯಿತು. ಎರಡು ವರ್ಷಗಳು ಕಳೆದ ಮೇಲೂ ಅದರ ಬಿಡುಗಡೆಯ ವಿಷಯದಲ್ಲಿ ರಾಜ್ಯಕ್ಕೂ ಕೇಂದ್ರಕ್ಕೂ ವಾದವು ನಡೆದೇ ಇದ್ದಿತು. ಆ ವಾದದಲ್ಲಿ ಯಾರು ಸರಿ, ಯಾರು ತಪ್ಪು ಎಂಬ ರಾಜಕೀಯದ ಗೊಡವೆ ಈ ವೇದಿಕೆಗೆ ಬೇಡ. ವಾದವು ಮುಗಿಯುವವರೆಗೆ ಬೆಳೆ ಕಾಯುವುದಿಲ್ಲವೆಂಬುದಷ್ಟೇ ನನ್ನ ಮಾತು.

ಇಲ್ಲಿ ಕೆಲವು ಆಕ್ಷೇಪಗಳು ಬರುವುದು ಸಹಜ. ದೀರ್ಘಕಾಲದ ಹೂಡಿಕೆಯೆಂದರೆ ದೀರ್ಘಕಾಲದ ಸಾಲವಲ್ಲವೇ ಎಂದು ಕೇಳಬಹುದು. ಸಾಲದಲ್ಲಿ ಎರಡು ಬಗೆ. ಮದುವೆಯ ಮೆರವಣಿಗೆಗಾಗಿ ಮಾಡಿದ ಸಾಲವು ಮಕ್ಕಳ ಕೊರಳಿಗೆ ಉರುಲು. ಬಾವಿಯನ್ನು ತೋಡುವುದಕ್ಕಾಗಿ ಮಾಡಿದ ಸಾಲವು ಮಕ್ಕಳ ಹೊಲಕ್ಕೆ ನೀರು. ಮೊಮ್ಮಕ್ಕಳು ಉಣ್ಣುವ ಅಣೆಕಟ್ಟಿನ ವೆಚ್ಚದಲ್ಲಿ ಅವರೂ ಒಂದು ಪಾಲನ್ನು ಹೊರುವುದು ನ್ಯಾಯವೇ; ಆದರೆ ಅವರ ಕೈಗೆ ಬರುವುದು ಗಟ್ಟಿಯಾದ ಕಟ್ಟೆಯಾಗಿರಬೇಕು, ಮುರಿದ ಗೇಟಲ್ಲ. ಕೇಂದ್ರದ ಹಣದೊಡನೆ ಕೇಂದ್ರದ ದೊರೆತನವೂ ಬಂದೀತೆಂದು ಕೆಲವರು ಅಂಜುತ್ತಾರೆ. ಈ ಅಂಜಿಕೆಯು ನಿರಾಧಾರವಲ್ಲ. ಶಿವನಸಮುದ್ರದಲ್ಲಿ 1902ರಲ್ಲಿಯೇ ವಿದ್ಯುತ್ತನ್ನು ಉತ್ಪಾದಿಸಿದ, ಕನ್ನಂಬಾಡಿಯ ಕಟ್ಟೆಯನ್ನು ಕಟ್ಟಿದ ನಾಡಿಗೆ ತನ್ನ ಬೇಕುಬೇಡಗಳು ತಿಳಿಯವೆಂದು ಯಾರೂ ಹೇಳಲಾರರು. ಯಾವ ಕಾಮಗಾರಿ ಬೇಕೆಂಬುದನ್ನು ರಾಜ್ಯವೂ ಜನರೂ ಗೊತ್ತುಮಾಡಲಿ. ಗೊತ್ತಾದ ಮೇಲೆ ಹಣವು ತಪ್ಪದಂತೆ ನೋಡಿಕೊಳ್ಳುವುದು ಕೇಂದ್ರದ ಕೆಲಸವಾಗಲಿ. ಇನ್ನು ಮುಳುಗಡೆಯಾದವರ ಮಾತು. ತುಂಗಭದ್ರೆಯ ಒಡಲಲ್ಲಿ ಎಷ್ಟೋ ಗ್ರಾಮಗಳ ಮನೆಗಳೂ ಗುಡಿಗಳೂ ಸಮಾಧಿಗಳೂ ಮುಳುಗಿವೆ. ನಮ್ಮ ಅನ್ನವು ಅವರ ನೆಲದ ಮೇಲೆ ನಿಂತ ನೀರಿನಿಂದ ಬೆಳೆದುದು. ಅವರ ಪರಿಹಾರವೂ ಪುನರ್ವಸತಿಯೂ ಕಾಮಗಾರಿಯ ಅಂದಾಜಿನ ಮೊದಲನೆಯ ಪುಟದಲ್ಲಿಯೇ ಇರತಕ್ಕದ್ದು. ಹಣ ಉಳಿದರೆ ಕೊಡುವ ದಾನವಾಗಕೂಡದು.

ಆದುದರಿಂದ ಈ ಸಭೆಯ ಮುಂದೆ ಮೂರು ವಿಜ್ಞಾಪನೆಗಳನ್ನು ಇಡುತ್ತೇನೆ. ಒಂದನೆಯದು: ದೊಡ್ಡ ಕಾಮಗಾರಿಯೊಂದನ್ನು ಒಪ್ಪಿಕೊಂಡ ಮೇಲೆ, ಅದು ಮುಗಿಯುವವರೆಗಿನ ಎಲ್ಲ ವರ್ಷಗಳ ಹಣವನ್ನು ಕೇಂದ್ರವು ಮೊದಲೇ ಗೊತ್ತುಮಾಡಿ, ಸರಕಾರಗಳು ಬದಲಾದರೂ ಬದಲಾಗದಂತೆ ಇಡಬೇಕು. ಎರಡನೆಯದು: ಪ್ರತಿಯೊಂದು ಕಾಮಗಾರಿಯೊಡನೆ ಅದರ ಕಟ್ಟುಕೊಡಗೆಯೂ ಹುಟ್ಟಬೇಕು. 2021ರ ಅಣೆಕಟ್ಟು ಸುರಕ್ಷತಾ ಕಾನೂನು, ಅಣೆಕಟ್ಟಿನ ಒಡೆಯರು ಅದರ ದುರಸ್ತಿಗೆಂದು ಸಾಕಷ್ಟು ಹಣವನ್ನು ಪ್ರತ್ಯೇಕವಾಗಿ ತೆಗೆದಿಡತಕ್ಕದ್ದೆಂದು ವಿಧಿಸಿದೆ. ವಿಧಿಯಿದೆ, ಅದಕ್ಕೆ ತಕ್ಕ ನಿಧಿಯು ಬೇಕು. ತುಂಗಭದ್ರಾ ಮಂಡಳಿಯಂತೆ ಹಲವು ರಾಜ್ಯಗಳು ವೆಚ್ಚವನ್ನು ಹಂಚಿಕೊಳ್ಳುವೆಡೆಗಳಲ್ಲಿ, ಒಬ್ಬರಿಗಾಗಿ ಒಬ್ಬರು ಕಾಯುವುದು ಮನುಷ್ಯಸ್ವಭಾವ. ಅಲ್ಲಿ ಕೇಂದ್ರವು ಮೊದಲು ತನ್ನ ಪಾಲನ್ನು ಹಾಕಿ ದಾರಿ ತೋರಬೇಕು. ಮೂರನೆಯದು: ಎಷ್ಟು ಹಣ ಬಂದಿತು, ಎಷ್ಟು ಕೆಲಸವಾಯಿತು, ಯಾವ ಗೇಟನ್ನು ಯಾವಾಗ ಪರೀಕ್ಷಿಸಿದರು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಕನ್ನಡದಲ್ಲಿ ಅಚ್ಚು ಹಾಕಿಸಿ, ಕಾಲುವೆಯ ಕೊನೆಯ ಊರಿನ ಪಂಚಾಯತಿಯವರೆಗೂ ಮುಟ್ಟಿಸಬೇಕು. ಲೆಕ್ಕವಿಲ್ಲದ ಹೂಡಿಕೆಗೆ ನಾನು ವಾದಿಸುತ್ತಿಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಹೊಸ ಕಾಲುವೆಯನ್ನು ಕೊಡುವೆನೆಂದವರಿಗೆ ಹಾರ ಹಾಕುವ ನಾವು, ಹಳೆಯ ಕಾಲುವೆಯ ಹೂಳನ್ನು ಏಕೆ ತೆಗೆಸಲಿಲ್ಲವೆಂದು ಕೇಳುವುದನ್ನು ಕಲಿಯಬೇಕು. ಕೇಳುವ ಜನರಿಲ್ಲದಿದ್ದರೆ ತೆಗೆದಿಟ್ಟ ನಿಧಿಯೂ ಬೇರೆ ದಾರಿಯಲ್ಲಿ ಹರಿದುಹೋಗುವುದು.

ಮಹನೀಯರೇ, ಈ ಮಠದಲ್ಲಿ ಐವತ್ತು ವರ್ಷಗಳಿಂದ ದಾಸೋಹದ ಒಲೆಯು ಆರಿಲ್ಲ. ಅದು ಹೇಗೆ ಸಾಧ್ಯವಾಯಿತು? ಮಹೋತ್ಸವದ ದಿನ ಬರುವ ಕಾಣಿಕೆಯಿಂದ ಮಾತ್ರವಲ್ಲ. ಇಲ್ಲಿಗೆ ಬಿಟ್ಟ ಹೊಲದಿಂದ, ವರ್ಷವೂ ತಪ್ಪದೆ ಬರುವ ಭಕ್ತರ ಧಾನ್ಯದಿಂದ, ನಾಳೆಯ ಅನ್ನಕ್ಕೆ ಇಂದೇ ಅಕ್ಕಿಯನ್ನು ತೆಗೆದಿಡುವ ಭಂಡಾರಿಗಳ ಎಚ್ಚರದಿಂದ. ಒಂದು ಮಠವು ಬಲ್ಲ ಈ ನಡತೆಯನ್ನು ದೇಶದ ಸರಕಾರವೂ ತನ್ನ ಕಟ್ಟೆಗಳ ವಿಷಯದಲ್ಲಿ ಕಲಿಯಲೆಂಬುದೇ ನನ್ನ ಪ್ರಾರ್ಥನೆ. ಹಾಗಾದ ದಿನ, ಅಗಸಿಯ ಕಟ್ಟೆಯ ಆ ಹಿರಿಯರ ಮುಂದೆ ನಿಂತು, “ಯಜಮಾನರೇ, ಬದಲಿ ಬಾಗಿಲು ಸಿದ್ಧವಾಗಿದೆ” ಎಂದು ಹೇಳುವ ಭಾಗ್ಯವು ನನಗೆ ದೊರೆಯುವುದು.